ಫಲಕ ಮೊದಲೋ, ದಂಡ ಮೊದಲೋ?

ರಾಮಸಮುದ್ರ: ದಂಡದ ಪುಸ್ತಕ ಹಿಡಿದು ಪೊಲೀಸರು ರಸ್ತೆಗಿಳಿದರೆಂದರೆ ಸಾಕು, ಸುದ್ದಿ ಅವರಿಗಿಂತ ಮೊದಲೇ ಊರು ಮುಟ್ಟುತ್ತದೆ. "ಮುಂದ ಹಿಡಿಯಾಕತ್ತಾರ, ಒಳದಾರಿ ಹಿಡೀರಿ" ಎಂಬ ಎಚ್ಚರಿಕೆ ಚಹಾದಂಗಡಿಯಿಂದ ಪಾನ್‌ಪಟ್ಟಿ ಅಂಗಡಿಗೆ, ಅಲ್ಲಿಂದ ಮೊಬೈಲಿನ ಮೇಲೇರಿ ನಾಲ್ಕು ಹಳ್ಳಿಗೆ ಹೋಗುತ್ತದೆ. ಹೆಲ್ಮೆಟ್ ಇದ್ದವರದು ಟ್ಯಾಂಕಿನ ಮೇಲಿಂದ ತಲೆಗೆ ಏರುತ್ತದೆ. ಇಲ್ಲದವರು ಹೊಲದ ದಾರಿ ಹಿಡಿಯುತ್ತಾರೆ. ಒಂದು ತಾಸು ಕಳೆಯಿತು, ಸಾಹೇಬರು ಜೀಪು ಹತ್ತಿದರು. ಕಾಯ್ದೆಯೂ ಅದೇ ಜೀಪಿನಲ್ಲಿ ಕುಳಿತು ಹೋಯಿತು!

ಇದು ರಾಮಸಮುದ್ರ ಒಂದರ ಮಾತಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ನಮ್ಮ ಜನಕ್ಕೆ ಸಂಚಾರದ ಕಾಯ್ದೆ ಎಂದರೆ ಪೊಲೀಸರ ಮುಖ. ಮುಖ ಕಂಡರೆ ಕಾಯ್ದೆ ಉಂಟು, ಕಾಣದಿದ್ದರೆ ಇಲ್ಲ. ಇದಕ್ಕೆ ಜನರನ್ನೇ ಬಯ್ಯುವುದು ಸುಲಭ. ಸಭೆಗಳಲ್ಲಿ ಅಧಿಕಾರಿಗಳು ಬಯ್ಯುತ್ತಲೂ ಇದ್ದಾರೆ. "ಎಷ್ಟು ಹೇಳಿದರೂ ನಮ್ಮ ಜನ ಸುಧಾರಿಸೋದಿಲ್ರೀ" ಎಂಬ ಮಾತು ಕೇಳಿ ಕೇಳಿ ಕಿವಿ ತೂತಾಗಿವೆ. ಹೌದು, ಜನರದೂ ತಪ್ಪುಂಟು. ಅದಕ್ಕೆ ಮುಂದೆ ಬರೋಣ. ಮೊದಲು ಕಾಯ್ದೆ ಏನು ಹೇಳುತ್ತದೆ ನೋಡೋಣ.

ಈಗ ನಡೆಯುತ್ತಿರುವುದು 1988ರ ಮೋಟಾರು ವಾಹನಗಳ ಕಾಯ್ದೆ. ಅದರ 119ನೇ ಕಲಮು, ಚಾಲಕನು ಸಂಚಾರ ಫಲಕಕ್ಕೆ, ವಿದ್ಯುತ್ ಸಿಗ್ನಲ್ಲಿಗೆ, ಪೊಲೀಸರ ಕೈಸನ್ನೆಗೆ ತಲೆಬಾಗಬೇಕು ಎನ್ನುತ್ತದೆ. ಸರಿ, ಒಪ್ಪೋಣ. ಆದರೆ ಮೂರು ಕಲಮು ಹಿಂದೆ ಹೋಗಿ 116 ನೋಡಿರಿ. ಫಲಕ ನೆಡುವ ಅಧಿಕಾರ ಯಾರದು, ಏತಕ್ಕೆ ನೆಡಬೇಕು ಎಂಬುದು ಅಲ್ಲಿದೆ. 112ನೇ ಕಲಮು, ಸರಕಾರವು ಒಂದು ರಸ್ತೆಗೆ ಬೇರೆ ವೇಗಮಿತಿ ಹಾಕಿದರೆ ಅಲ್ಲಿ ಫಲಕವನ್ನೂ ಹಾಕಿಸಬೇಕು ಎನ್ನುತ್ತದೆ. ವಾಹನ ಎಲ್ಲಿ ನಿಲ್ಲಿಸಬೇಕೆಂದು ಸ್ಥಳೀಯ ಸಂಸ್ಥೆಯ ಕೂಡ ಮಾತಾಡಿ ಜಾಗ ಗೊತ್ತು ಮಾಡುವ ಮಾತು 117ರಲ್ಲಿದೆ. ಅಂದರೆ ಕಾಯ್ದೆ ಬರೆದವರ ಲೆಕ್ಕದಲ್ಲಿ 116 ಮೊದಲು, 119 ಆಮೇಲೆ. ನಮ್ಮ ಕಡೆ 119ರಿಂದಲೇ ಪುಸ್ತಕ ತೆರೆಯುತ್ತಾರೆ!

ಓದುಗರು ಒಂದು ಕೆಲಸ ಮಾಡಲಿ. ಇವತ್ತು ಸಂಜೆ ಅಂಗಡಿ ಬಾಗಿಲು ಹಾಕಿ ಮನೆಗೆ ಹೋಗುವಾಗ, ಇಲ್ಲವೆ ಬಸ್ಸಿನ ಕಿಟಕಿಯ ಪಕ್ಕ ಕುಳಿತಾಗ, ನಿಮ್ಮ ದಾರಿಯಲ್ಲಿ ಎಷ್ಟು ಫಲಕ ಕಾಣುತ್ತವೆ ಎಣಿಸಿರಿ. ಅದರಲ್ಲಿ ಎಷ್ಟಕ್ಕೆ ಬಣ್ಣ ಉಳಿದಿದೆ, ಎಷ್ಟು ಗಿಡದ ಟೊಂಗೆಯ ಹಿಂದಿವೆ, ಎಷ್ಟರ ಮೇಲೆ ಹುಟ್ಟುಹಬ್ಬದ ಪೋಸ್ಟರ್ ಬಡಿದಿದ್ದಾರೆ, ಎಷ್ಟಕ್ಕೆ ಯಾವುದೋ ಅಂಗಡಿಯ ಬೋರ್ಡು ಅಡ್ಡ ನಿಂತಿದೆ, ಬೇರೆ ಬೇರೆ ಬರೆದುಕೊಳ್ಳಿರಿ. ಲೆಕ್ಕ ನೀವೇ ಹಾಕಿದರೆ ನಾವು ಸುಳ್ಳು ಬರೆದೆವೆಂದು ಯಾರೂ ಅನ್ನಲಿಕ್ಕಿಲ್ಲ.

ಫಲಕ ಓದಲು ಅಕ್ಷರ ಬೇಕಿಲ್ಲ

ಫಲಕದ ಚೆಲುವೇ ಅದು. ಸಾಲಿ ಕಟ್ಟೆ ಹತ್ತದವನೂ ಓದಬಹುದು. ಆಕಾರ ನೋಡಿದರೆ ಸಾಕು. ದುಂಡಗಿದ್ದರೆ ಹುಕುಂ, ಮೀರಿದರೆ ದಂಡ. ಮೂರು ಮೂಲೆಯದಾದರೆ ಎಚ್ಚರಿಕೆ: ಮುಂದೆ ತಿರುವು, ಸಾಲಿ, ಉಬ್ಬು ಇದೆ ಎಂದು. ಚೌಕಾಕಾರದ್ದು ಮಾಹಿತಿ: ದವಾಖಾನೆ, ಪೆಟ್ರೋಲ್ ಪಂಪು, ಊರಿನ ದೂರ. ಎಂಟು ಮೂಲೆಯ ಕೆಂಪು ಫಲಕ ಕಂಡರೆ ಪೂರಾ ನಿಲ್ಲಬೇಕು. ತಲೆಕೆಳಗಾದ ತ್ರಿಕೋನ ಕಂಡರೆ ದೊಡ್ಡ ರಸ್ತೆಯವರಿಗೆ ಮೊದಲು ದಾರಿ ಬಿಡಬೇಕು. ಹಳದಿ ದೀಪ ಬಿತ್ತೆಂದರೆ "ಜಲ್ದಿ ಹೊಡಿ" ಎಂದಲ್ಲ, ನಿಲ್ಲಲು ತಯಾರಾಗು ಎಂದು. ಕೆಂಪು ದೀಪ ಮಿಣುಕುತ್ತಿದ್ದರೆ ನಿಂತು, ನೋಡಿ, ಆಮೇಲೆ ಹೋಗಬೇಕು. ಹಳದಿ ಮಿಣುಕುತ್ತಿದ್ದರೆ ನಿಧಾನವಾಗಿ ನೋಡಿಕೊಂಡು ಹೋಗಬೇಕು. ಬಿಳಿ ಪಟ್ಟಿಯ ದಾಟುವ ಜಾಗದಲ್ಲಿ ಸಿಗ್ನಲ್ಲೂ ಪೊಲೀಸರೂ ಇಲ್ಲದಿದ್ದರೆ ಮೊದಲ ಹಕ್ಕು ನಡೆಯುವವರದು, ಗಾಡಿಯವರದಲ್ಲ. 2017ರ ಚಾಲನಾ ನಿಯಮಾವಳಿ ಹೇಳುವುದೂ ಇದನ್ನೇ.

ಲೈಸೆನ್ಸ್ ಕೊಡುವಾಗ ಇಷ್ಟನ್ನು ಸರಿಯಾಗಿ ಕೇಳಿದರೆ ಅರ್ಧ ತಂಟೆ ಮುಗಿಯುತ್ತದೆ. ಕೆಎ 33 ನಂಬರಿನ ಗಾಡಿ ಓಡಿಸುವವರಲ್ಲಿ ಎಷ್ಟು ಮಂದಿಗೆ ತಲೆಕೆಳಗಾದ ತ್ರಿಕೋನದ ಅರ್ಥ ಗೊತ್ತು? ಪಕ್ಕದ ಸೀಟಿನವರನ್ನೇ ಕೇಳಿ ನೋಡಿರಿ.

ರೈಲಿನವರನ್ನು ನೋಡಿ ಕಲಿಯೋಣ

"ಸಿಗ್ನಲ್ ಹಾಕಿದರೂ ಯಾರು ಕೇಳ್ತಾರ್ರೀ?" ಎನ್ನುವವರಿಗೆ ನಮ್ಮೂರಲ್ಲೇ ಉತ್ತರವಿದೆ. ಯಾದಗಿರಿ ಸ್ಟೇಶನ್ನಿಗೆ ಹೋಗಿ ನಿಲ್ಲಿರಿ. ವಾಡಿ-ರಾಯಚೂರು ಮಾರ್ಗ, ಮುಂಬೈಗೂ ಚೆನ್ನೈಗೂ ಹೋಗುವ ಗಾಡಿಗಳು ಹಗಲೂ ರಾತ್ರಿ ಓಡುತ್ತವೆ. ಅಪರಾತ್ರಿ ಎರಡು ಗಂಟೆಗೆ, ಸುತ್ತ ನರಪಿಳ್ಳೆ ಇಲ್ಲದಿದ್ದರೂ ಕೆಂಪು ಕಂಡ ಡ್ರೈವರ್ ಗಾಡಿ ನಿಲ್ಲಿಸುತ್ತಾನೆ. ಅವನೇನು ಬೇರೆ ಮಣ್ಣಿನವನೆ? ಅವನೂ ನಮ್ಮಂಥವನೇ. ಆದರೆ ಅವನಿಗೆ ಒಂದು ನಂಬಿಕೆ ಇದೆ: ಈ ದೀಪ ಸುಳ್ಳು ಹೇಳುವುದಿಲ್ಲ, ಕೆಟ್ಟರೆ ದುರಸ್ತಿಗೆ ಒಬ್ಬ ಜವಾಬ್ದಾರ ಇದ್ದಾನೆ, ಮೀರಿದರೆ ತನ್ನ ನೌಕರಿಗೆ ಕುತ್ತು.

ರಸ್ತೆಯ ಸಿಗ್ನಲ್ಲು ಹುಟ್ಟಿದ್ದೇ ರೈಲಿನಿಂದ. 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಮುಂದೆ ಗ್ಯಾಸ್ ದೀಪದ ಮೊದಲ ಸಿಗ್ನಲ್ ಕಂಬ ನಿಲ್ಲಿಸಿದ ಜೆ.ಪಿ. ನೈಟ್ ಎಂಬಾತ ರೈಲ್ವೆ ಸಿಗ್ನಲ್ಲಿನ ಎಂಜಿನಿಯರ್. ಮರು ವರ್ಷವೇ ಗ್ಯಾಸ್ ಸೋರಿ ಅದು ಸಿಡಿಯಿತು. ಮುಂದೆ ಬಹಳ ವರ್ಷ ಅಲ್ಲಿಯವರು ಅದರ ತಂಟೆಗೇ ಹೋಗಲಿಲ್ಲ. ಅಂದಿನಿಂದ ಇಂದಿನವರೆಗೂ ಪಾಠ ಒಂದೇ. ಕಂಬ ನಿಲ್ಲಿಸುವುದು ಒಂದು ದಿನದ ಕೆಲಸ, ಅದನ್ನು ನೋಡಿಕೊಳ್ಳುವುದು ದಿನದಿನದ ಕೆಲಸ. ಉದ್ಘಾಟನೆಗೆ ಹತ್ತು ಮಂದಿ ರಿಬ್ಬನ್ ಹಿಡಿಯುತ್ತಾರೆ, ಬಲ್ಬು ಹೋದ ದಿನ ಏಣಿ ಹಿಡಿಯಲು ಒಬ್ಬರೂ ಸಿಗುವುದಿಲ್ಲ.

ಸುಳ್ಳು ಹೇಳುವ ಫಲಕ ಇಲ್ಲದ ಫಲಕಕ್ಕಿಂತ ಕೆಟ್ಟದ್ದು. ಕೆಲಸ ಮುಗಿದು ವರ್ಷವಾದರೂ "ಕಾಮಗಾರಿ ನಡೆದಿದೆ, ನಿಧಾನವಾಗಿ ಚಲಿಸಿ" ಎಂದು ನಿಂತಿರುವ ಬೋರ್ಡು ಜನರಿಗೆ ಏನು ಕಲಿಸುತ್ತದೆ? ಬೋರ್ಡು ನಂಬಬೇಡ ಎಂದು ಕಲಿಸುತ್ತದೆ. ನಾಳೆ ನಿಜವಾಗಿ ರಸ್ತೆ ಅಗೆದಾಗಲೂ ಅವನು ಅದೇ ವೇಗದಲ್ಲಿ ಬಂದು ಗುಂಡಿಗೆ ಬೀಳುತ್ತಾನೆ.

ಕೂಲಿಯವನ ಲೆಕ್ಕ

ದಂಡ ಬೇಡವೆಂದು ನಮ್ಮ ವಾದವಲ್ಲ. ತಿದ್ದುಪಡಿಯಾದ ಕಾಯ್ದೆ 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಅಪಾಯವಾಗುವಂತೆ ಕೆಂಪು ದೀಪ ದಾಟಿದರೆ ಕನಿಷ್ಠ 1000, ಗರಿಷ್ಠ 5000 ರೂಪಾಯಿ ದಂಡ. ಕೋರ್ಟು ಮನಸ್ಸು ಮಾಡಿದರೆ ಸೆರೆವಾಸವೂ ಉಂಟು. ಹೆಲ್ಮೆಟ್ ಇಲ್ಲದಿದ್ದರೆ ಕೇಂದ್ರದವರು 1000 ಎಂದರು. ಗದ್ದಲವಾದ ಮೇಲೆ ಅದೇ ತಿಂಗಳು ನಮ್ಮ ರಾಜ್ಯ ಸರಕಾರ ಅದನ್ನು 500ಕ್ಕೆ ಇಳಿಸಿತು. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಅಂದರೆ ಕೂಲಿಯವನಿಗೆ ಒಂದು ಹೆಲ್ಮೆಟ್ಟಿನ ದಂಡ ಒಂದು ದಿನದ ದುಡಿಮೆಗಿಂತ ಹೆಚ್ಚು. ಶಹಾಪುರದ ಯಾವ ಸಾವಕಾರರಿಗೂ 500 ರೂಪಾಯಿ ದೊಡ್ಡದಲ್ಲ, ಕೂಲಿಯವನ ಮನೆಯಲ್ಲಿ ಅಂದು ಒಲೆ ಹೊತ್ತುವುದೇ ಕಷ್ಟ.

ಆದರೆ ಇನ್ನೊಂದು ಲೆಕ್ಕವನ್ನೂ ಮುಚ್ಚಿಡಬಾರದು. 2022ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ. ಅದರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅಷ್ಟೂ ಮಂದಿ ಒಂದೇ ಊರಿನವರಾಗಿದ್ದರೆ ಒಂದು ಪಟ್ಟಣವೇ ಖಾಲಿಯಾಗುತ್ತಿತ್ತು. ಕೂಲಿಯವನ ಹೆಂಡತಿಗೆ 500 ರೂಪಾಯಿ ಹೋದರೆ ಒಂದು ದಿನದ ಸಂಕಟ, ಯಜಮಾನನೇ ಹೋದರೆ ಜನ್ಮದ ಸಂಕಟ. ಆದ್ದರಿಂದ ಹೆಲ್ಮೆಟ್ ಹಾಕಿಕೊಳ್ಳಿ ಎಂದು ಹೇಳುವುದಕ್ಕೆ ನಮಗೆ ಸಂಕೋಚವಿಲ್ಲ. ಟ್ಯಾಂಕಿಗಲ್ಲ, ತಲೆಗೆ!

ನಮ್ಮ ತಕರಾರು ಇಷ್ಟೇ: ದಂಡ ಎಲ್ಲರಿಗೂ ಒಂದೇ ಇರಲಿ. ನಂಬರ್ ಪ್ಲೇಟಿನ ಮೇಲೆ ನಂಬರಿಗಿಂತ ದೊಡ್ಡದಾಗಿ ಪದವಿ ಬರೆಸಿಕೊಂಡ ಗಾಡಿಗಳು ಎದುರು ದಿಕ್ಕಿನಿಂದ ನುಗ್ಗಿದರೆ ಯಾವ ಪುಸ್ತಕವೂ ಹೊರಬರುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದವನು ಯಾರಿಗೆ ಹೇಳಬೇಕು? ಸರಕಾರಿ ಜೀಪು, ಮುಖಂಡರ ಕಾರು, ಬಡವನ ಬೈಕು ಮೂರಕ್ಕೂ ಒಂದೇ ರಸೀದಿ ಬರಲಿ. ಮೊದಲ ರಸೀದಿ ಜೀಪಿಗೆ ಹರಿದರೆ ಮರುದಿನ ಬೈಕಿನವರು ತಾವೇ ಸಾಲು ಹಿಡಿಯುತ್ತಾರೆ.

ರಸ್ತೆ ಕೆಡಿಸಿದವರಿಗೂ ಕಲಮುಂಟು

ಬಹಳ ಮಂದಿಗೆ ಗೊತ್ತಿಲ್ಲದ ಕಲಮೊಂದಿದೆ: 198ಎ. 2019ರ ತಿದ್ದುಪಡಿಯಲ್ಲಿ ಸೇರಿದ್ದು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತೆಯ ನಿಯಮ ಪಾಲಿಸದೆ ಸಾವೋ ಅಂಗವೈಕಲ್ಯವೋ ಆದರೆ, ಹೊಣೆ ಹೊತ್ತ ಅಧಿಕಾರಿಗಾಗಲಿ ಗುತ್ತಿಗೆದಾರನಿಗಾಗಲಿ ಒಂದು ಲಕ್ಷ ರೂಪಾಯಿವರೆಗೆ ದಂಡ. ಚಾಲಕನ ದಂಡದ ಸುದ್ದಿ ಪತ್ರಿಕೆಗೆ ದಿನವೂ ಬರುತ್ತದೆ. ಈ ಕಲಮಿನ ಸುದ್ದಿ ನಿಮ್ಮಲ್ಲಿ ಎಷ್ಟು ಮಂದಿ ಓದಿದ್ದೀರಿ?

ರಸ್ತೆ ಉಬ್ಬುಗಳನ್ನೇ ತೆಗೆದುಕೊಳ್ಳಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆ ಪ್ರಕಾರ ಉಬ್ಬು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ ಇರಬೇಕು. ಮುಂಚೆಯೇ ಎಚ್ಚರಿಕೆಯ ಫಲಕ ಬೇಕು, ಮೇಲೆ ಕಾಣುವ ಬಣ್ಣ ಬೇಕು. ನಮ್ಮ ಹಳ್ಳಿಗಳಲ್ಲಿ ಏನಾಗುತ್ತದೆ? ಒಂದು ಮಗುವಿಗೆ ಗಾಡಿ ಬಡಿಯುತ್ತದೆ, ಜನ ರಸ್ತೆ ತಡೆಯುತ್ತಾರೆ, ಅಧಿಕಾರಿಗಳು ಬಂದು "ಮಾಡಿಸ್ತೀವಿ" ಎಂದು ಹೋಗುತ್ತಾರೆ. ಕಾದು ಕಾದು ಬೇಸತ್ತ ಊರವರು ತಾವೇ ಮಣ್ಣು, ಕಡಿ ಸುರಿದು ಗೋಡೆಯಂಥ ಉಬ್ಬು ಕಟ್ಟುತ್ತಾರೆ. ರಾತ್ರಿ ಅದು ಕಾಣದೆ ಇನ್ನೊಬ್ಬ ತಾಯಿಯ ಮಗ ಅದರ ಮೇಲೆಯೇ ಹಾರಿ ಬೀಳುತ್ತಾನೆ. ಊರವರ ಅಂಜಿಕೆ ಸುಳ್ಳಲ್ಲ, ಬಿದ್ದವನ ರಕ್ತವೂ ಸುಳ್ಳಲ್ಲ. ನಡುವೆ ಸರಿಯಾದ ಅಳತೆಯ ಒಂದು ಉಬ್ಬು, ಒಂದು ಫಲಕ, ಒಂದು ಡಬ್ಬಿ ಬಣ್ಣ ಇದ್ದಿದ್ದರೆ ಎರಡೂ ಜೀವ ಉಳಿಯುತ್ತಿದ್ದವು.

ಹತ್ತಿ ಬಿಡಿಸುವ ಕಾಲದಲ್ಲಿ ಇನ್ನೊಂದು ಗಂಡಾಂತರ. ಟ್ರ್ಯಾಕ್ಟರಿನ ಟ್ರೇಲರಿಗೆ ಆಕಾಶದೆತ್ತರ ಹತ್ತಿ, ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಜೇವರ್ಗಿಯಿಂದ ಶಹಾಪುರ, ಸುರಪುರ ದಾಟಿ ಚಾಮರಾಜನಗರದವರೆಗೆ ಹೋಗುವ 150ಎ ಹೆದ್ದಾರಿಯ ಮೇಲೆ ಅಂಥದೊಂದು ಕಪ್ಪು ಗುಡ್ಡ ನಿಂತರೆ ಹಿಂದಿನ ಬೈಕಿನವನಿಗೆ ಕಾಣುವುದಾದರೂ ಹೇಗೆ? ಗಂಜಿನ ಬಾಗಿಲಲ್ಲಿ ತೂಕ ಹಾಕುವಾಗಲೇ ಒಂದು ಗೇಣು ಹೊಳೆಯುವ ಪಟ್ಟಿ ಅಂಟಿಸಿ ಕಳಿಸಿದರೆ ಯಾರ ಗಂಟು ಹೋಗುತ್ತದೆ?

ಅಂಗಡಿಕಾರರೇ, ಪ್ರಯಾಣಿಕರೇ

ಈಗ ನಮ್ಮ ಸರದಿ. ಫಲಕಕ್ಕೆ ಅಡ್ಡ ಬೋರ್ಡು ತೂಗುಹಾಕಿದವರು ಇಲಾಖೆಯವರಲ್ಲ, ನಾವೇ. ಪಾದಚಾರಿ ಜಾಗದ ಮೇಲೆ ಡಬ್ಬಿ, ಚೀಲ, ಬಕೀಟು ಒಟ್ಟಿದವರೂ ನಾವೇ. ನಡೆಯುವವರು ರಸ್ತೆಗಿಳಿದರು, ರಸ್ತೆಯವರು ನಡುವಿಗೆ ಸರಿದರು. "ಅಂಗಡಿ ಮುಂದ ಗಾಡಿ ನಿಲ್ಲಸಬ್ಯಾಡ ಅಂದ್ರ ಗಿರಾಕಿ ಹೆಂಗ ಬರ್ತಾನ್ರೀ?" ಎಂದು ವ್ಯಾಪಾರಸ್ಥರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಂಜೆ ಸುಭಾಷ್ ಚೌಕದ ಗದ್ದಲದಲ್ಲಿ ನಿಲ್ಲಲು ಜಾಗ ಸಿಗದೆ ಗಿರಾಕಿ ಮುಂದೆ ಹೋದರೆ ಅದೂ ನಷ್ಟವೇ ಅಲ್ಲವೆ? ಬೆಳಗಿನಿಂದ ರಾತ್ರಿವರೆಗೆ ಅಂಗಡಿ ಮುಂದೆ ನಿಂತಿರುವುದು ಗಿರಾಕಿಯ ಬೈಕೋ, ಅಂಗಡಿಕಾರರದೇ ಬೈಕೋ, ಒಮ್ಮೆ ನೋಡಿರಿ.

ಬಸ್ಸಿನ ಜಾಗದಲ್ಲಿ ಟಂಟಂ, ಟಂಟಂ ಜಾಗದಲ್ಲಿ ಹಣ್ಣಿನ ಬಂಡಿ, ಬಂಡಿಯವನಿಗೆ ಎಲ್ಲೂ ಜಾಗವಿಲ್ಲ. ಬಸ್ಸು ನಡುರಸ್ತೆಯಲ್ಲೇ ನಿಲ್ಲುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು, ಮುದುಕಿಯರು ಬಸ್ಸಿಗೆ ಹೆಚ್ಚಾಗಿ ಬರುತ್ತಿದ್ದಾರೆ. ಅವರು ಗಂಟು ಹೊತ್ತು ಓಡುವ ಬೈಕುಗಳ ನಡುವೆ ನುಸುಳಿ ಹತ್ತಬೇಕು. ಟಿಕೀಟು ಪುಕ್ಕಟೆಯಾಯಿತು, ಜೀವವೂ ಪುಕ್ಕಟೆಯಾಗಬಾರದು. ಬಸ್ ನಿಲ್ದಾಣ, ಸಾಲಿ, ದವಾಖಾನೆಯ ಬಾಗಿಲ ಹತ್ತಿರ, ಸಂಚಾರ ಫಲಕಕ್ಕೆ ಅಡ್ಡ ಗಾಡಿ ನಿಲ್ಲಿಸಕೂಡದೆಂದು ನಿಯಮ ಬಹಳ ಹಿಂದೆಯೇ ಇದೆ. ಪ್ರಯಾಣಿಕರೂ "ಇಲ್ಲೇ ಒಂದ್ ಸ್ವಲ್ಪ ನಿಲ್ಲಸ್ರೀ ಡ್ರೈವರ್ ಸಾಹೇಬ್ರ" ಎಂದು ಮನೆ ಬಾಗಿಲಿಗೇ ಬಸ್ಸು ಕೇಳುವುದನ್ನು ಬಿಡಬೇಕು. ಊರಿಗೇ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ ಆಗಬಾರದು.

ಆಗಬೇಕಾದ್ದೇನು?

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಎಂಬುದಿದೆ. ಮೂರೂ ಊರಿಗೆ ನಗರಸಭೆಗಳಿವೆ. ಹೊಸ ಕಾಯ್ದೆ ಬೇಕಿಲ್ಲ, ಇದ್ದದ್ದು ಸಾಕು. ಮಳೆಗಾಲಕ್ಕೆ ಮುಂಚೆ ನಗರಸಭೆ, ಲೋಕೋಪಯೋಗಿ, ಹೆದ್ದಾರಿ, ಪೊಲೀಸು, ಸಾರಿಗೆ ಇಲಾಖೆಯವರು ಒಂದು ದಿನ ಜೀಪಿನಿಂದಿಳಿದು ಒಟ್ಟಿಗೆ ನಡೆಯಲಿ. ಜೊತೆಗೆ ಇಬ್ಬರು ವ್ಯಾಪಾರಸ್ಥರು, ಇಬ್ಬರು ಟಂಟಂನವರು, ಒಬ್ಬ ಬಸ್ ಡ್ರೈವರ್ ಇರಲಿ. ಸುಳ್ಳು ಫಲಕ ಕೀಳಲಿ, ಬೇಕಾದ ಕಡೆ ನೆಡಲಿ. ಬಸ್ಸಿಗೆ, ಟಂಟಂಗೆ, ಬಂಡಿಗೆ, ಗಿರಾಕಿಯ ಬೈಕಿಗೆ ಬೇರೆ ಬೇರೆ ಗೆರೆ ಎಳೆಯಲಿ. ರಾಮಸಮುದ್ರದಂಥ ಊರುಗಳಲ್ಲಿ ಸಾಲಿ ಮತ್ತು ಬಸ್ಸಿನ ಜಾಗದ ಹತ್ತಿರ ಅಳತೆಯ ಉಬ್ಬು, ಎರಡೂ ಕಡೆ ಫಲಕ ಆಗಲಿ. ಯಾವ ಫಲಕಕ್ಕೆ ಯಾರು ಜವಾಬ್ದಾರರೆಂದು ಪಟ್ಟಿ ಮಾಡಿ ತಹಸೀಲ್ ಕಚೇರಿಯ ಗೋಡೆಗೆ ಹಚ್ಚಲಿ. ಅದಾದ ಮೇಲೆ ಒಂದು ತಿಂಗಳು ತಿಳಿಹೇಳಿ, ಮುಂದಿನ ತಿಂಗಳಿಂದ ದಂಡದ ಪುಸ್ತಕ ತೆರೆಯಲಿ. ಆಗ ಯಾರಾದರೂ ಗೊಣಗಿದರೆ ಈ ಅಂಕಣವೇ ಪೊಲೀಸರ ಪರ ನಿಲ್ಲುತ್ತದೆ.

ಖರ್ಚು ಬಹಳವೇನಿಲ್ಲ. ಒಂದು ಸ್ವಾಗತ ಕಮಾನಿಗೆ, ನಾಲ್ಕು ಫ್ಲೆಕ್ಸಿಗೆ ಆಗುವ ದುಡ್ಡಿನಲ್ಲಿ ಒಂದು ಬೀದಿಯ ಫಲಕಗಳಾಗುತ್ತವೆ. ಕಮಾನು ಬಂದವರಿಗೆ ಸ್ವಾಗತ ಹೇಳುತ್ತದೆ, ಫಲಕ ಹೋದವರನ್ನು ತಿರುಗಿ ಮನೆಗೆ ತಲುಪಿಸುತ್ತದೆ. ಇವೆರಡರಲ್ಲಿ ಊರಿಗೆ ಮೊದಲು ಯಾವುದು ಬೇಕೆಂಬುದನ್ನು ಸಂಬಂಧಪಟ್ಟವರು ಮುಂದಿನ ಸಭೆಯಲ್ಲಿ ತೀರ್ಮಾನಿಸುವರೆ?