ಎರಡು ಕಾರುಗಳ ತುಲನೆ ಮತ್ತು ಕಾರೂನನ ಮೆರವಣಿಗೆ

ಕಳೆದ ಅಡಿಕೆ ಸುಗ್ಗಿಯ ಒಂದು ಸಂಜೆ. ಮಗ್ರಿಬ್ ನಮಾಝ್ ಮುಗಿಸಿ ಹೊರಬಂದಾಗ ಚನ್ನಗಿರಿಯ ಮಸೀದಿಯೊಂದರ ಮೆಟ್ಟಿಲ ಮೇಲೆ ನಾಲ್ಕೈದು ಯುವಕರು ಒಂದೇ ಮೊಬೈಲಿನ ಮೇಲೆ ಬಾಗಿ ಕುಳಿತಿದ್ದುದನ್ನು ಕಂಡೆವು. ಒಬ್ಬನು ಹೊನ್ನಾಳಿಯವನು, ಇನ್ನೊಬ್ಬನು ನ್ಯಾಮತಿಯವನು, ಉಳಿದವರು ಊರಿನವರು. ಅವರಲ್ಲೊಬ್ಬನ ಮನೆಯವರು ಅಡಿಕೆ ಖೇಣಿಯಲ್ಲಿ ಚೆನ್ನಾಗಿ ಸಂಪಾದಿಸಿದವರು. ಅವನು ತಲೆಯೆತ್ತಿ ಕೇಳಿದ: "ಹಜ್ರತ್, ಪೋರ್ಷೆ 911 ಒಳ್ಳೆಯದೋ, ಲ್ಯಾಂಬೋರ್ಗಿನಿ ಹುರಕಾನ್ ಒಳ್ಳೆಯದೋ? ಸೆಕೆಂಡ್ ಹ್ಯಾಂಡ್ ಆದರೂ ಸರಿ, ಒಂದನ್ನು ತರೋಣ ಅಂತ ಅಬ್ಬಾ ಹತ್ತಿರ ಮಾತಾಡಿದ್ದೇನೆ. ಹಲಾಲ್ ದುಡ್ಡು, ಹರಾಮ್ ಏನೂ ಇಲ್ಲವಲ್ಲ?"

ಅಂದು ನಾವು ನಕ್ಕು ಸುಮ್ಮನಾದೆವು. ಆ ಮೌನ ತಪ್ಪಾಗಿತ್ತು. ಪ್ರಶ್ನೆ ಗಂಭೀರವಾಗಿತ್ತು, ಉತ್ತರವೂ ಗಂಭೀರವಾಗಿರಬೇಕಿತ್ತು. ಈ ಲೇಖನ ಆ ಸಾಲವನ್ನು ತೀರಿಸುವ ಪ್ರಯತ್ನ.

ಮೊದಲು ನ್ಯಾಯದ ಮಾತು. ಇಸ್ಲಾಮ್ ಸಂಪತ್ತಿನ ಶತ್ರುವಲ್ಲ. ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಸವಾರಿಗಾಗಿಯೂ ಅಲಂಕಾರಕ್ಕಾಗಿಯೂ ಸೃಷ್ಟಿಸಿದ್ದಾಗಿ ಅಲ್ಲಾಹನು ಸೂರಃ ಅನ್ನಹ್ಲ್‌ನಲ್ಲಿ ತಿಳಿಸಿದ್ದಾನೆ. ಒಳ್ಳೆಯ ವಾಹನವನ್ನು ಪ್ರವಾದಿ(ಸ)ರು ಸೌಭಾಗ್ಯದ ಲಕ್ಷಣಗಳಲ್ಲಿ ಎಣಿಸಿದ್ದಾರೆ. ಆದ್ದರಿಂದ ಕಾರು ಕಂಡೊಡನೆ "ಹರಾಮ್" ಎಂದು ಕೂಗುವವರ ಸಾಲಿನಲ್ಲಿ ನಾವಿಲ್ಲ. ಆದರೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಬಂದಿರುವ ಇನ್ನೊಂದು ಹದೀಸ್ ಕುದುರೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಒಬ್ಬನಿಗೆ ಅದು ಪುಣ್ಯ. ಒಬ್ಬನಿಗೆ ಮಾನ ಕಾಯುವ ಮರೆ. ಇನ್ನೊಬ್ಬನಿಗೆ ಪಾಪದ ಹೊರೆ. ಪ್ರಾಣಿ ಒಂದೇ, ಮೇವೂ ಒಂದೇ. ಮೂರನೆಯವನು ಅದನ್ನು ಸಾಕಿದ್ದು ಜಂಭಕ್ಕಾಗಿ, ಜನರ ಕಣ್ಣಿಗಾಗಿ. ಮೆಟ್ಟಿಲ ಮೇಲಿನ ಪ್ರಶ್ನೆಗೆ ಉತ್ತರದ ಬೀಜ ಇಲ್ಲಿದೆ.

ಈಗ ಆ ಎರಡು ಕಾರುಗಳನ್ನೇ ತುಲನೆ ಮಾಡೋಣ. ಎರಡರ ಚರಿತ್ರೆಯಲ್ಲೂ 1963 ಮುಖ್ಯವಾದ ವರ್ಷ. 911 ಮೊದಲು ಪ್ರದರ್ಶನಗೊಂಡದ್ದು ಆ ವರ್ಷ. ಇಟಲಿಯ ಫೆರುಚ್ಚೊ ಲ್ಯಾಂಬೋರ್ಗಿನಿ ಕಾರು ಕಂಪನಿ ಕಟ್ಟಿದ್ದೂ ಅದೇ ವರ್ಷ. ಅದಕ್ಕೂ ಮೊದಲು ಆತ ಹೆಸರು ಮಾಡಿದ್ದು ಟ್ರ್ಯಾಕ್ಟರ್ ತಯಾರಿಕೆಯಲ್ಲಿ! ಹೊಲ ಉಳುವ ಯಂತ್ರದಿಂದ ಬಂದ ಹೆಸರು ಇಂದು ಹೊಲಕ್ಕೆ ಇಳಿಯಲಾಗದ ವಾಹನದ ಮೇಲಿದೆ. ಪೋರ್ಷೆಯ ಎಂಜಿನ್ ಹಿಂಬದಿಯಲ್ಲಿ, ಆರು ಸಿಲಿಂಡರಿನದು. ಈಚಿನ ಪೀಳಿಗೆಯ 911 ಕ್ಯಾರೆರಾದ ಗರಿಷ್ಠ ವೇಗ ಗಂಟೆಗೆ ಸುಮಾರು 293 ಕಿಲೋಮೀಟರ್. ಹತ್ತು ಸಿಲಿಂಡರಿನ ಹುರಕಾನ್ 2014ರಲ್ಲಿ 610 ಅಶ್ವಶಕ್ತಿಯೊಂದಿಗೆ ಬಂದಿತು. ಅದರ ವೇಗ 325 ಕಿಲೋಮೀಟರ್ ಎಂದು ಕಂಪನಿ ಹೇಳಿಕೊಂಡಿತು. ಮೊದಲನೆಯದಕ್ಕೆ ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಎರಡು ಕೋಟಿ. ಎರಡನೆಯದು ಹೊಸದಾಗಿದ್ದಾಗ ಮೂರು ಕೋಟಿಗೂ ಮೇಲೆ.

ಇಷ್ಟು ವೇಗವನ್ನು ಕೊಂಡು ಓಡಿಸುವುದೆಲ್ಲಿ? ದಾವಣಗೆರೆಯನ್ನು ಹಾದುಹೋಗುವ ಹೆದ್ದಾರಿಯಲ್ಲೂ ಕಾರಿಗೆ ಕಾನೂನು ಅನುಮತಿಸಿದ ಗರಿಷ್ಠ ವೇಗ 100 ಕಿಲೋಮೀಟರ್. ಅಂದರೆ ಹಣ ಕೊಟ್ಟ ವೇಗದ ಮೂರನೆಯ ಎರಡು ಭಾಗವನ್ನು ಮುಟ್ಟಿದರೆ ಅಪರಾಧ. ಇನ್ನು ಚನ್ನಗಿರಿಯಿಂದ ಹೊನ್ನಾಳಿಗೆ, ಅಲ್ಲಿಂದ ನ್ಯಾಮತಿಗೆ ಹೋಗುವ ದಾರಿಯಲ್ಲಿ ಕಬ್ಬಿನ ಗಾಡಿ, ಕುರಿಹಿಂಡು, ಶಾಲೆ ಬಿಟ್ಟ ಮಕ್ಕಳು. ನಿಯಮದ ಪ್ರಕಾರ ಹಾಕಿದ ರಸ್ತೆ ಉಬ್ಬಿನ ಎತ್ತರವೇ ಹತ್ತು ಸೆಂಟಿಮೀಟರ್. ನಮ್ಮ ಹಳ್ಳಿಗಳ ಉಬ್ಬುಗಳು ಯಾವ ನಿಯಮವನ್ನೂ ಓದಿದವಲ್ಲ. ನೆಲಕ್ಕೆ ತಾಗುವಷ್ಟು ತಗ್ಗಿನ ಈ ಕಾರುಗಳು ಅಲ್ಲಿ ಹೊಟ್ಟೆ ತಿಕ್ಕಿಕೊಂಡು ತೆವಳಬೇಕು. ಸವಾರಿಗೆ ಒದಗದ ವಾಹನದಲ್ಲಿ ಉಳಿಯುವುದೇನು? ನೋಡುವವರ ಕಣ್ಣು ಮಾತ್ರ.

ಆ ಕಣ್ಣಿಗಾಗಿ ವೇಗ ಹಿಡಿದರೆ ಏನಾಗುತ್ತದೆಂಬುದನ್ನೂ ಮರೆಯಬಾರದು. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಒಂದು ಪೋರ್ಷೆ ಕಾರು ಇಬ್ಬರು ಯುವ ಎಂಜಿನಿಯರುಗಳ ಪ್ರಾಣ ತೆಗೆಯಿತು. ಓಡಿಸುತ್ತಿದ್ದನೆಂಬ ಆರೋಪ ಹದಿನೇಳು ವರ್ಷದ ಬಾಲಕನ ಮೇಲೆ. ಕೋಟಿಗೂ ಮೀರಿದ ಆ ಕಾರಿಗೆ ಕಾಯಂ ನೋಂದಣಿಯೇ ಆಗಿರಲಿಲ್ಲ. ಕಟ್ಟದೆ ಬಾಕಿ ಉಳಿದಿದ್ದ ಶುಲ್ಕ 1,758 ರೂಪಾಯಿ. ನಮ್ಮ ರಾಜ್ಯದ ಕಥೆಯೂ ಭಿನ್ನವಲ್ಲ. ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಕರ್ನಾಟಕದಲ್ಲಿ ಶೇಕಡಾ 18ರ ಆಜೀವ ತೆರಿಗೆಯಿದೆ. ಅದನ್ನು ತಪ್ಪಿಸಲು ಹೊರರಾಜ್ಯದ ನೋಂದಣಿ ಹೊತ್ತು ಬೆಂಗಳೂರಿನಲ್ಲಿ ತಿರುಗುತ್ತಿದ್ದ ಮೂವತ್ತು ಐಷಾರಾಮಿ ಕಾರುಗಳನ್ನು 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ವಶಪಡಿಸಿಕೊಂಡಿತು. ಕೋಟಿ ಕೊಟ್ಟು ಕಾರು ತಂದವನ ಕೈ ನಾಡಿನ ಹಕ್ಕನ್ನು ಕೊಡುವಾಗ ಬಿಗಿಯಾಗುತ್ತದೆ!

ಇನ್ನು "ಹಲಾಲ್ ದುಡ್ಡು" ಎಂಬ ಮಾತು. ಈ ಮಾತನ್ನು ನಾವು ಸುಲಭವಾಗಿ ಆಡುತ್ತೇವೆ. ಕೆಲವು ಲೆಕ್ಕಗಳನ್ನು ಮುಂದಿಡುತ್ತೇವೆ.

ಎರಡು ಕೋಟಿ ರೂಪಾಯಿ ಕೈಯಲ್ಲಿ ಒಂದು ವರ್ಷ ಉಳಿದರೆ ಅದರ ಝಕಾತ್ ಐದು ಲಕ್ಷ. ಅದೇ ಹಣ ಸ್ವಂತ ಬಳಕೆಯ ಕಾರಾಗಿ ಮಾರ್ಪಟ್ಟರೆ ಅದರ ಮೇಲೆ ಝಕಾತ್ ಇಲ್ಲ. ಇದು ಶರೀಅತ್ ನೀಡಿದ ವಿನಾಯಿತಿ. ನಿಜವಾದ ಅಗತ್ಯಗಳನ್ನು ಹಗುರಗೊಳಿಸಲು ನೀಡಿದ್ದು. ಅದರ ಮರೆಯಲ್ಲಿ ನಾವು ಪ್ರತಿ ವರ್ಷ ಐದು ಲಕ್ಷದಷ್ಟು ಬಡವರ ಪಾಲನ್ನು ಗ್ಯಾರೇಜಿನಲ್ಲಿ ಬೀಗ ಹಾಕಿಡುತ್ತೇವೆ. ಕಾರಿನ ಬಾಗಿಲು ಮುಚ್ಚುವ ಸದ್ದು ಎಷ್ಟು ಮೃದುವಾಗಿದ್ದರೂ ಆ ಬೀಗದ ಸದ್ದು ಅಲ್ಲಾಹನಿಗೆ ಕೇಳಿಸದಿರದು.

ಅಡಿಕೆ ಸುಲಿದ ಹೆಂಗಸರ ಕೂಲಿ ಪೂರ್ತಿ ಸಂದಿದೆಯೇ? ಜಗಳೂರಿನಲ್ಲಿ ಮಳೆ ಕೈಕೊಟ್ಟ ವರ್ಷ ಮೆಕ್ಕೆಜೋಳದ ಹೊಲ ಬಿಟ್ಟು ಚನ್ನಗಿರಿಯ ತೋಟಗಳಿಗೆ ಕೂಲಿಗೆ ಬಂದವನ ಲೆಕ್ಕ ಚುಕ್ತಾ ಆಗಿದೆಯೇ? ಬೆವರು ಆರುವ ಮುನ್ನ ಕೂಲಿ ಕೊಡಿರೆಂದು ಆದೇಶಿಸಿದ ಪ್ರವಾದಿ(ಸ)ರ ಅನುಯಾಯಿಗಳು ನಾವು.

ಎಲ್ಲಕ್ಕಿಂತ ಕಹಿಯಾದ ಲೆಕ್ಕ ಇನ್ನೊಂದಿದೆ. ಅದನ್ನು ಹೇಳಿದರೆ ನಮ್ಮವರೇ ಮುಖ ತಿರುಗಿಸುತ್ತಾರೆ. ಅಡಿಕೆಯ ಬೆಲೆ ಕ್ವಿಂಟಲ್‌ಗೆ ಐವತ್ತು ಸಾವಿರ ದಾಟಿದ ಈ ದಿನಗಳಲ್ಲಿ ಎಷ್ಟು ತೋಟಗಳ ಪಹಣಿಯಲ್ಲಿ ಅಕ್ಕತಂಗಿಯರ ಹೆಸರಿದೆ? ಅಣ್ಣನ ಪಾಲಿನ ಅರ್ಧವನ್ನು ತಂಗಿಗೆ ಸೂರಃ ಅನ್ನಿಸಾ ನಿಗದಿಪಡಿಸಿದೆ. ಅದು ಅಣ್ಣನ ಔದಾರ್ಯವಲ್ಲ, ಅಲ್ಲಾಹನ ಆಜ್ಞೆ. "ತಂಗಿ ತಾನಾಗಿಯೇ ಬಿಟ್ಟುಕೊಟ್ಟಳು" ಎನ್ನುತ್ತೇವೆ. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕಿದ ಸಹಿಗೆ ಬಿಟ್ಟುಕೊಡುವುದು ಎನ್ನಲಾದೀತೇ? ಈ ಪಾಲನ್ನು ನುಂಗಿದ ಹಣದಿಂದ ಬಂದ ಕಾರು ಯಾವ ಕಂಪನಿಯದಾದರೂ ಅದರ ಹಿಂದಿನ ಆಸನದಲ್ಲಿ ಒಬ್ಬ ಹೆಣ್ಣುಮಗಳ ನಿಟ್ಟುಸಿರು ಕುಳಿತಿರುತ್ತದೆ.

ಹಾಗಾದರೆ ಕಾರು ಕೊಳ್ಳಲಾಗದ ನಾವು ನಿರಪರಾಧಿಗಳೇ? ಸೂರಃ ಅಲ್‌ಕಸಸ್‌ನಲ್ಲಿ ಬರುವ ಕಾರೂನನ ವೃತ್ತಾಂತವನ್ನು ನೆನೆಯಿರಿ. ಅವನು ವೈಭವದೊಂದಿಗೆ ಜನರ ಮುಂದೆ ಹೊರಟು ಬಂದ. ಅವನ ಅಂತ್ಯ ಎಲ್ಲರಿಗೂ ಗೊತ್ತು: ಅವನನ್ನೂ ಅವನ ಮನೆಯನ್ನೂ ಭೂಮಿ ನುಂಗಿತು. ಆದರೆ ಕುರ್‌ಆನ್ ಅವನ ಜೊತೆಗೆ ಬೀದಿಬದಿಯಲ್ಲಿ ನಿಂತವರನ್ನೂ ತೋರಿಸುತ್ತದೆ. ಅವನಿಗೆ ಸಿಕ್ಕಿದ್ದು ನಮಗೂ ಸಿಗಬಾರದಿತ್ತೇ ಎಂದು ಹಂಬಲಿಸಿದವರು ಅವರು. ಜ್ಞಾನ ಪಡೆದವರು ಮಾತ್ರ ಅವರನ್ನು ಎಚ್ಚರಿಸಿದರು. ಇಂದು ಆ ಬೀದಿ ನಮ್ಮ ಅಂಗೈಯಲ್ಲಿದೆ. ಮೊಬೈಲಿನ ಪರದೆಯ ಮೇಲೆ ಕಾರೂನನ ಮೆರವಣಿಗೆ ದಿನವಿಡೀ ಸಾಗುತ್ತದೆ. ನಾವು ಬದಿಯಲ್ಲಿ ನಿಂತು ಯಾವುದು ಉತ್ತಮವೆಂದು ತೀರ್ಪು ಕೊಡುತ್ತೇವೆ. ಈ ಹಂಬಲ ಪರದೆಯಲ್ಲೇ ಉಳಿಯುವುದಿಲ್ಲ. ಹುರಕಾನ್ ಕನಸು ಕಂಡವನು ಅದು ಎಟುಕದೆಂದು ತಿಳಿದಾಗ ಬಡ್ಡಿಯ ಸಾಲಕ್ಕೆ ಕೈಚಾಚುತ್ತಾನೆ. ಇಲ್ಲವೇ ನಿಕಾಹ್‌ನ ಮಾತುಕತೆಯಲ್ಲಿ ಹೆಣ್ಣಿನ ತಂದೆಯ ಎದುರು ಒಂದು ಚಿಕ್ಕ ಕಾರಿನ ಬೇಡಿಕೆ ಇಡುತ್ತಾನೆ. ಆ ತಂದೆ ಮನೆಪತ್ರ ಅಡವಿಡುತ್ತಾನೆ. ಕೋಟ್ಯಧೀಶನ ಜಂಭದ ಬೆಲೆ ಕೊನೆಗೆ ತೆರುವವನು ಬಡವ.

ಚನ್ನಗಿರಿ ತಾಲೂಕಿನ ಸೂಳೆಕೆರೆಯ ಏರಿಯ ಮೇಲೆ ಒಮ್ಮೆ ನಿಂತು ನೋಡಿರಿ. ಶತಮಾನಗಳ ಹಿಂದೆ ಯಾರದೋ ಸಂಪತ್ತು ಮಣ್ಣಾಗಿ, ಕಲ್ಲಾಗಿ, ನೀರಾಗಿ ನಿಂತಿದೆ. ಇಂದಿಗೂ ಗದ್ದೆಗೆ ಹರಿಯುತ್ತಿದೆ, ಜಾತಿ ಧರ್ಮ ಕೇಳದೆ ಬಾಯಾರಿಕೆ ತಣಿಸುತ್ತಿದೆ. ಹುರಕಾನ್‌ಗೆ ಹನ್ನೆರಡು ವರ್ಷ ತುಂಬುವ ಮೊದಲೇ ತಯಾರಿಕೆಯೇ ನಿಂತುಹೋಯಿತು. ತುಲನೆಯೇ ಮಾಡಬೇಕೆಂದಿದ್ದರೆ ಇವೆರಡನ್ನು ತುಲನೆ ಮಾಡಿರಿ.

ಆ ಯುವಕನಿಗೆ ನಮ್ಮ ಉತ್ತರ ಇಷ್ಟೇ: ಮಗೂ, ಯಾವ ಕಾರು ಒಳ್ಳೆಯದೆಂದು ಕೇಳುವ ಮೊದಲು ಅಬ್ಬಾನೊಂದಿಗೆ ಕುಳಿತು ಫೂಫಿಯ ಪಾಲಿನ ಕಾಗದ ತೆಗೆಸು. ಕೂಲಿಯ ಪುಸ್ತಕ ತೆಗೆಸು. ಝಕಾತಿನ ಲೆಕ್ಕ ಬರೆಸು. ಅಷ್ಟೂ ಸಂದಾಯವಾದ ಮೇಲೆ ಉಳಿದದ್ದರಿಂದ ಮನೆಯವರೆಲ್ಲ ಕುಳಿತು ಹೋಗುವ ಒಂದು ಗಟ್ಟಿಯಾದ ಕಾರು ತೆಗೆದುಕೋ. ಊರಿನ ಬಾಣಂತಿಯನ್ನು ನಡುರಾತ್ರಿ ದಾವಣಗೆರೆಯ ಆಸ್ಪತ್ರೆಗೆ ಸೇರಿಸಲು ಅದು ಒದಗಲಿ. ಆಗ ಅದು ಹದೀಸಿನ ಮೊದಲ ಕುದುರೆಯ ಸಾಲಿಗೆ ಸೇರೀತು.

ಅನುಗ್ರಹಗಳ ಕುರಿತು ನಮ್ಮನ್ನು ಪ್ರಶ್ನಿಸಲಾಗುವ ದಿನವೊಂದಿದೆ. ಅಂದು ಎಷ್ಟು ಸೆಕೆಂಡಿನಲ್ಲಿ ನೂರು ಕಿಲೋಮೀಟರ್ ವೇಗ ಮುಟ್ಟಿದೆ ಎಂದು ಯಾರೂ ಕೇಳುವುದಿಲ್ಲ. ಹಕ್ಕುದಾರರ ಹಕ್ಕು ಅವರಿಗೆ ಮುಟ್ಟಿತೇ ಎಂದು ಕೇಳಲಾಗುವುದು. ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಹಕ್ಕುಗಳನ್ನು ಅರಿತು ಸಲ್ಲಿಸುವ ಸೌಭಾಗ್ಯವನ್ನು ಕರುಣಿಸಲಿ, ಕಾರೂನನ ಬೀದಿಯಿಂದ ನಮ್ಮ ಕಣ್ಣುಗಳನ್ನು ತಿರುಗಿಸಲಿ. ಆಮೀನ್.