ಓಡಿಸುವವನದೇ ತಪ್ಪೇ?

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ದೇಶದಾದ್ಯಂತ ಜಾರಿಗೆ ಬಂದ ಮೇಲೆ, ಡೀಸೆಲ್ ಕಾರು ಕೊಂಡ ಕುಟುಂಬಗಳಿಂದ ಒಂದು ದೂರು ಪದೇ ಪದೇ ಕೇಳಿಬರುತ್ತಿದೆ. ಮೀಟರಿನ ಬಳಿ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಕೆಲವು ದಿನ ಕಡೆಗಣಿಸಿದರೆ ಎಂಜಿನ್ನಿನ ಕಸುವು ಕುಗ್ಗಿ ಗಾಡಿ ಏದುಸಿರು ಬಿಡುತ್ತದೆ. ಸರ್ವಿಸ್ ಸೆಂಟರಿನಲ್ಲಿ ಸಿಗುವ ಉತ್ತರ ಮಾತ್ರ ಸಿದ್ಧವಾಗಿರುತ್ತದೆ: "ಸರ್, ನಿಮ್ಮ ಡ್ರೈವಿಂಗ್ ಪ್ಯಾಟರ್ನ್ ಸರಿಯಿಲ್ಲ." ಇದು ಅರ್ಧ ಸತ್ಯ. ಉಳಿದರ್ಧದ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ.

ಆ ದೀಪ ಸೂಚಿಸುವುದು ಡಿಪಿಎಫ್ ಎಂಬ ಸಾಧನದ ಸ್ಥಿತಿಯನ್ನು. ಹೊಗೆಯಲ್ಲಿನ ಮಸಿಯನ್ನು ತಡೆದು ಹಿಡಿಯುವ ಜರಡಿ ಎನ್ನಬಹುದು. ಜರಡಿ ತುಂಬಿದಾಗ ಮಸಿಯನ್ನು ಒಳಗೇ ಸುಟ್ಟು ಬೂದಿ ಮಾಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಎಂಜಿನ್ ತಾನಾಗಿಯೇ ಒಂದಿಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಈ ಶಾಖವನ್ನು ಹುಟ್ಟಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಗಾಡಿ ಒಂದೇ ವೇಗದಲ್ಲಿ ಹದಿನೈದಿಪ್ಪತ್ತು ನಿಮಿಷವಾದರೂ ಓಡುತ್ತಿರಬೇಕು. ಆರು ಕಿಲೋಮೀಟರ್ ದೂರದ ಕಚೇರಿ ತಲುಪಿ ಕೀಲಿ ತಿರುಗಿಸಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ; ಮರುದಿನ ಮತ್ತೆ ಅದೇ ಕಥೆ. ಉರಿಯದೆ ಉಳಿದ ಡೀಸೆಲ್ ಮೆಲ್ಲಗೆ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಕಡಿಮೆಯಾದರೆ ಗಾಬರಿಯಾಗುವವರು ನಾವು. ಇಲ್ಲಿ ಅದು ಹೆಚ್ಚಾಗುತ್ತ ಹೋಗುವುದೇ ರೋಗದ ಲಕ್ಷಣ. ತೆಳುವಾದ ಆಯಿಲ್ ಟರ್ಬೊವನ್ನೂ ಬೇರಿಂಗುಗಳನ್ನೂ ಸವೆಸುತ್ತದೆ.

ಪುಣೆಯಲ್ಲಿ ನಮ್ಮಂಥವರ ಕಾರು ಎಲ್ಲಿಗೆ ಹೋಗುತ್ತದೆ? ಕ್ವಾರ್ಟರ್ಸಿನಿಂದ ಕಚೇರಿಗೆ, ಮಕ್ಕಳ ಶಾಲೆಗೆ, ಶನಿವಾರ ಮಂಡಈಗೆ. ಅದು ದೀರ್ಘವಾಗಿ ಉಸಿರಾಡುವುದು ಮೇ ತಿಂಗಳಲ್ಲಿ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿ, ಹುಬ್ಬಳ್ಳಿಯತ್ತ ಹೊರಟಾಗ ಮಾತ್ರ. ಹಿಂತಿರುಗಿದ ಮೇಲೆ ಕೆಲವು ದಿನ ದೀಪದ ಸುಳಿವಿರುವುದಿಲ್ಲ. ತವರಿಗೆ ಹೋಗಿ ಬಂದವರ ಮುಖದಂತೆ ಗಾಡಿಯೂ ಗೆಲುವಾಗಿರುತ್ತದೆ ಎಂದು ನಮ್ಮ ಮನೆಯಲ್ಲಿ ನಗುವುದುಂಟು.

ಆದರೆ ಶೋರೂಮಿನಲ್ಲಿ ಬಣ್ಣ ಕೇಳುತ್ತಾರೆ, ಸಾಲದ ಕಂತು ಕೇಳುತ್ತಾರೆ, ಹಳೆಯ ಗಾಡಿ ಕೊಡುವಿರಾ ಎಂದು ಕೇಳುತ್ತಾರೆ. ದಿನಕ್ಕೆ ಎಷ್ಟು ದೂರ ಓಡಿಸುವಿರಿ ಎಂದು ನನ್ನನ್ನಂತೂ ಯಾರೂ ಕೇಳಲಿಲ್ಲ. ಎಂಜಿನ್ ರೂಪಿಸಿದವರಿಗೆ ಮೊದಲೇ ಗೊತ್ತಿದ್ದ ಷರತ್ತು ಕೊಳ್ಳುವವನಿಗೆ ಮಾರಾಟದ ನಂತರ, ಅವನದೇ ಅಪರಾಧವೆಂಬ ರೂಪದಲ್ಲಿ ತಿಳಿಯುತ್ತದೆ. ಊರೊಳಗೆ ಓಡಾಡಲೆಂದೇ ಮಾರಿದ ಗಾಡಿಯನ್ನು ಊರೊಳಗೆ ಓಡಿಸುವುದು ದುರ್ಬಳಕೆ ಹೇಗಾದೀತು? ಹಾಗೆಂದು ಜರಡಿಯನ್ನೇ ಕಿತ್ತೆಸೆಯುವ ಗ್ಯಾರೇಜುಗಳ ಪರ ನಾನಿಲ್ಲ. ಆ ಮಸಿಯನ್ನು ಉಸಿರಾಡುವವು ನಮ್ಮ ಮಕ್ಕಳೇ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಕಲಮು ಇಲ್ಲಿ ನೆನಪಾಗಬೇಕು. ಪರಿಸರಕ್ಕೆ ಅಥವಾ ಪ್ರಯಾಣಿಕರಿಗೆ ಹಾನಿ ಮಾಡಬಲ್ಲ ದೋಷವನ್ನು ನಿಗದಿತ ಪ್ರಮಾಣದ ಮಾಲೀಕರು ವರದಿ ಮಾಡಿದರೆ, ಆ ಮಾದರಿಯ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ತಯಾರಕರಿಗೆ ಕೇಂದ್ರ ಸರ್ಕಾರ ಆದೇಶಿಸಬಹುದು. ಅಂದರೆ ದೂರುಗಳ ಎಣಿಕೆಗೆ ಬೆಲೆಯಿದೆ. ಇದು ಕಾನೂನಿನ ಪ್ರಕಾರ ದೋಷವೇ ಎಂಬುದು ಮುಂದೆ ತೀರ್ಮಾನವಾಗಲಿ; ಮೊದಲು ಅದು ದೂರೆಂದಾದರೂ ದಾಖಲಾಗಬೇಕಲ್ಲ! ಜಾಬ್ ಕಾರ್ಡಿನಲ್ಲಿ "ಗ್ರಾಹಕರಿಗೆ ಸಲಹೆ ನೀಡಲಾಗಿದೆ" ಎಂದಷ್ಟೇ ಬರೆದುಬಿಟ್ಟರೆ ನಾಳೆ ತೋರಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಸರ್ಕಾರಿ ಕಡತಗಳ ನಡುವೆಯೇ ಕೂದಲು ನರೆಸಿಕೊಂಡವನಾಗಿ ಇಷ್ಟನ್ನು ಧೈರ್ಯದಿಂದ ಹೇಳಬಲ್ಲೆ: ಬಾಯಿಮಾತಿನ ಸಮಾಧಾನಕ್ಕೆ ಒಪ್ಪಿ ಬರಬೇಡಿ. ದೀಪ ಹೊತ್ತಿದ ದಿನಾಂಕ, ಆಗ ಓಡಿದ್ದ ಕಿಲೋಮೀಟರ್, ಆಯಿಲಿನ ಮಟ್ಟ, ಇವನ್ನು ನಿಮ್ಮದೇ ಮಾತಿನಲ್ಲಿ ಬರೆಸಿ ಪ್ರತಿ ಪಡೆಯಿರಿ. ಡಿಪ್‌ಸ್ಟಿಕ್ಕಿನ ಫೋಟೊ ಮನೆಯಲ್ಲೇ ತೆಗೆದಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ಸರ್ವಿಸಿಗೆ ಬಿಟ್ಟ ಮೇಲೆ ಆಯಿಲ್ ಬದಲಾಗಿರುತ್ತದೆ.