ಕಿವಿ ಸರಿಯಿದೆ ಸರ್, ಗಮನ ಓಡುತ್ತೆ

‘ಕಿವಿ ಎಲ್ಲಿಟ್ಟಿದ್ದೀಯೋ?’ ಬಿಇ ಸೇರಿದ ಮೇಲೆ ನಾನು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ ಇದು. ಕ್ಲಾಸಿನಲ್ಲಿ ಪಾಠಕ್ಕಿಂತ ಮೊದಲು ನನಗೆ ಕೇಳುವುದು ಫ್ಯಾನಿನ ಕಟಕಟ, ಹಿಂದಿನ ಬೆಂಚಿನ ಪಿಸುಮಾತು. ಕಿವಿ ಪರೀಕ್ಷೆ ಮಾಡಿಸಿದೆ. ಏನೂ ತೊಂದರೆಯಿಲ್ಲ. ‘ಥೇಟ್ ನಿಮ್ಮಪ್ಪನೇ’ ಎಂದು ಅಮ್ಮ ನಕ್ಕಳು.

ಅಮ್ಮನ ಮಾತು ಪೂರ್ತಿ ತಮಾಷೆಯಲ್ಲ. ಗದ್ದಲದ ನಡುವೆ ಒಂದೇ ದನಿಯನ್ನು ಹಿಡಿದಿಡುವುದು ಮಿದುಳಿನ ಕೆಲಸ. 1953ರಲ್ಲಿ ಕಾಲಿನ್ ಚೆರ್ರಿ ಎರಡು ಕಿವಿಗೂ ಬೇರೆ ಬೇರೆ ಮಾತು ಕೇಳಿಸಿದರು. ಒಂದು ಕಿವಿಯ ಮಾತಿಗೆ ಗಮನ ಕೊಟ್ಟವರಿಗೆ, ಇನ್ನೊಂದರಲ್ಲಿ ಇಂಗ್ಲಿಷ್ ಹೋಗಿ ಜರ್ಮನ್ ಬಂದದ್ದೂ ಗೊತ್ತಾಗಲಿಲ್ಲ! ಆದರೆ ಈ ಜರಡಿ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಮಿದುಳಿನ ಮುಂಭಾಗದಲ್ಲಿ ಡೋಪಮೈನ್, ನಾರ್‌ಅಡ್ರಿನಲಿನ್ ಹದವಾಗಿದ್ದರೆ ಗಮನ ನಿಲ್ಲುತ್ತದೆ. ಕಡಿಮೆಯಾದರೂ ಕಷ್ಟ, ಅತಿಯಾದರೂ ಕಷ್ಟ. ಡೋಪಮೈನನ್ನು ಒಡೆಯುವ ಕಿಣ್ವವನ್ನು ರೂಪಿಸುವ ಸಿಒಎಂಟಿ ಎಂಬ ಜೀನ್ ಕೆಲವರಲ್ಲಿ ಚುರುಕು, ಕೆಲವರಲ್ಲಿ ನಿಧಾನ. ಹಾಗಂತ ಒಂದೇ ಜೀನ್ ನಮ್ಮ ಹಣೆಬರಹ ಬರೆಯುವುದಿಲ್ಲ. ನಿದ್ದೆಗೆಟ್ಟ ರಾತ್ರಿ, ಮೊಬೈಲ್ ಚಟಕ್ಕೆ ಅಪ್ಪನ ಮೇಲೆ ಗೂಬೆ ಕೂರಿಸಲಾರೆ.

ಕಳೆದ ಸಲ ವೈವಾದಲ್ಲಿ ‘ಇನ್ನೊಮ್ಮೆ ಹೇಳಿ ಸರ್’ ಎಂದು ಎರಡು ಬಾರಿ ಕೇಳಿದ್ದಕ್ಕೆ ‘ಉಡಾಫೆ’ ಅನ್ನಿಸಿಕೊಂಡೆ. ಅಂಕವೂ ಹೋಯಿತು. ನಾಳೆ ಕ್ಯಾಂಪಸ್ ಇಂಟರ್‌ವ್ಯೂ ಗದ್ದಲದ ಹಾಲ್‌ನಲ್ಲಿ ನಡೆದರೆ ಕೆಲಸವೂ ಹೋಗಬಹುದು. ನಾವು ಕೇಳುತ್ತಿರುವುದು ರಿಯಾಯಿತಿ ಅಂಕವನ್ನಲ್ಲ. ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದುಕೊಡಿ, ಮುಖ್ಯಾಂಶ ಬೋರ್ಡಿನ ಮೇಲಿರಲಿ. ಆ ಫ್ಯಾನಿಗೂ ಸ್ವಲ್ಪ ಎಣ್ಣೆ ಬಿಡಿಸಿ.